‘ಅಮ್ಮನ ಕೈರುಚಿ’ ಎಂದರೆ ಸಾಲದು

ಬ್ರಿಟನ್‌ನಲ್ಲಿ ಮನೆಯಿಂದಲೇ ಆನ್‌ಲೈನ್ ಅಂಗಡಿ ನಡೆಸುವ ಕನ್ನಡಿಗರು ಹೆಚ್ಚುತ್ತಿರುವುದು ಸಂತೋಷವೇ. ಆದರೆ ಅವರ ಲೆಕ್ಕಪತ್ರ ನೋಡುವ ನಮಗೆ, ವಾಪಸ್ ಬಂದ ಸರಕಿನಲ್ಲೇ ಲಾಭ ಸೋರಿಹೋಗುವುದು ಕಾಣುತ್ತದೆ. ಅದಕ್ಕೆ ಮುಖ್ಯ ಕಾರಣ ಅರೆಬರೆ ವಿವರಣೆ.

‘ಅಪ್ಪಟ ಇಳಕಲ್ ಸೀರೆ’ ಎಂದಷ್ಟೇ ಬರೆದರೆ ಕೊಳ್ಳುವವರಿಗೆ ಏನು ತಿಳಿದೀತು? ಹತ್ತಿಯೋ ರೇಷ್ಮೆಯೋ, ಕೈಮಗ್ಗದ್ದೋ ಪವರ್‌ಲೂಮಿನದೋ, ಉದ್ದ ಎಷ್ಟು, ರವಿಕೆ ಕಣ ಇದೆಯೇ ಎಂಬುದನ್ನು ಮೊದಲೇ ಹೇಳಬೇಕು. ಇಲ್ಲಿ ಆನ್‌ಲೈನ್‌ನಲ್ಲಿ ಕೊಂಡವರು ಸೀರೆ ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆಯೇ ಖರೀದಿ ರದ್ದು ಮಾಡಬಹುದು.

ಇದು ದುಡ್ಡಿನ ಮಾತಾಯಿತು. ಚಟ್ನಿಪುಡಿಯ ವಿಷಯದಲ್ಲಿ ಜೀವದ ಪ್ರಶ್ನೆಯೇ ಇದೆ. ಶೇಂಗಾ, ಎಳ್ಳು, ಸಾಸಿವೆ ಮೂರೂ ಇಲ್ಲಿನ ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿಕಾರಕಗಳಲ್ಲಿ ಸೇರಿವೆ. ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಬೆರೆಸುವ ಗೋಧಿ ಹಿಟ್ಟೂ ಅದೇ ಪಟ್ಟಿಗೆ ಬರುತ್ತದೆ. ಗ್ರಾಹಕರು ಕೊಳ್ಳುವ ಮುನ್ನವೇ ಈ ಮಾಹಿತಿ ಅವರಿಗೆ ಸಿಗಬೇಕೆಂಬುದು ನಿಯಮ. ‘ಅಮ್ಮನ ಕೈರುಚಿ’ ಎಂಬ ಸಾಲು ಅಲರ್ಜಿ ಇರುವ ಮಗುವನ್ನು ಕಾಪಾಡದು.

ಊರಿನ ಅಂಗಡಿಯಲ್ಲಾದರೆ ಮುಟ್ಟಿ, ಮೂಸಿ, ‘ಇದರಲ್ಲಿ ಏನೇನು ಹಾಕಿದ್ದೀರಿ?’ ಎಂದು ಕೇಳಿ ಕೊಳ್ಳುತ್ತೇವೆ. ಆನ್‌ಲೈನ್‌ನಲ್ಲಿ ಆ ಪ್ರಶ್ನೆಗೆ ನಾವು ಬರೆದ ನಾಲ್ಕು ಸಾಲೇ ಉತ್ತರ. ಮೊದಲು ವಿವರ ಬರೆಯೋಣ, ಹೊಗಳಿಕೆ ಆಮೇಲಿರಲಿ.