ತಪ್ಪು ತಿದ್ದುವ ಸಂಕೇತಗಳು: ಬಾಹ್ಯಾಕಾಶದಿಂದ ಮಾರುಕಟ್ಟೆಗೆ ಒಂದು ಪಾಠ

ಚೆಕ್ಕಿನಲ್ಲಿ ಹಣದ ಮೊತ್ತವನ್ನು ಅಂಕಿಗಳಲ್ಲಿ ಒಮ್ಮೆ, ಅಕ್ಷರಗಳಲ್ಲಿ ಇನ್ನೊಮ್ಮೆ ಬರೆಯುವುದು ವ್ಯಾಪಾರಸ್ಥರ ನಿತ್ಯದ ರೂಢಿ. ಒಂದೇ ಸಂಗತಿಯನ್ನು ಎರಡು ಸಲ ಬರೆಯುವ ಈ ಶ್ರಮ ವ್ಯರ್ಥವೆಂದು ಯಾರೂ ಭಾವಿಸುವುದಿಲ್ಲ. ಎರಡರ ನಡುವೆ ವ್ಯತ್ಯಾಸ ಕಂಡುಬಂದಲ್ಲಿ ಅಕ್ಷರಗಳಲ್ಲಿ ಬರೆದ ಮೊತ್ತವನ್ನೇ ಪರಿಗಣಿಸಬೇಕೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಂ ಹೇಳುತ್ತದೆ. ಅಗತ್ಯಕ್ಕಿಂತ ತುಸು ಹೆಚ್ಚು ಬರೆಯುವುದು, ಆ ಹೆಚ್ಚಿನ ಬರಹದಿಂದ ತಪ್ಪನ್ನು ಗುರುತಿಸುವುದು, ಗುರುತಿಸಿದ ಮೇಲೆ ಯಾವುದು ಸರಿಯೆಂದು ನಿಯಮದಂತೆ ನಿರ್ಣಯಿಸುವುದು - ಈ ಮೂರೂ ಅದರಲ್ಲಿ ಅಡಗಿವೆ. ಬಾಹ್ಯಾಕಾಶ ನೌಕೆಗಳ ಮಾಹಿತಿಯನ್ನು ಭೂಮಿಗೆ ತಪ್ಪಿಲ್ಲದೆ ತಲುಪಿಸುವ ತಂತ್ರದ ತಿರುಳೂ ಇದೇ ಆಗಿದೆ.

ಈ ತಂತ್ರದ ಒಂದು ಮುಖ್ಯ ನೆಲೆ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ ಇಸ್ರೋ ಸಂಸ್ಥೆಯು 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಆಂಟೆನಾಗಳನ್ನು ಸ್ಥಾಪಿಸಿದೆ. 2008ರಲ್ಲಿ ಚಂದ್ರಯಾನ-1, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಮಂಗಳಯಾನ, 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3 - ಇವೆಲ್ಲವುಗಳ ದನಿಯನ್ನು ಕೇಳಿಸಿಕೊಂಡದ್ದು ಈ ಕೇಂದ್ರ. ಮಂಗಳಯಾನವು ಕಕ್ಷೆ ಸೇರಿದ ದಿನ ಅದರ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಬೇಕಾಗಿತ್ತು. ಒಂದು ಅಂಕಿ ಕೆಟ್ಟು ಬಂದಿತೆಂದು ಮತ್ತೆ ಕಳುಹಿಸಲು ಕೇಳಿದರೆ ಉತ್ತರ ಕೈಸೇರಲು ಅದರ ಎರಡರಷ್ಟು ಸಮಯ ಸರಿಯುತ್ತದೆ. ನೌಕೆಯ ವಿದ್ಯುತ್ತು ಮಿತವಾದುದು. ದೂರದಿಂದ ಬಂದ ಸಂಕೇತ ಅತ್ಯಂತ ಕ್ಷೀಣವಾದುದು. ಆದ್ದರಿಂದ ಕಳುಹಿಸುವ ಮೊದಲೇ, ದಾರಿಯಲ್ಲಿ ಕೆಡಬಹುದಾದುದನ್ನು ಇಲ್ಲಿಯೇ ತಿದ್ದಿಕೊಳ್ಳುವಂತೆ ಮಾಹಿತಿಯನ್ನು ಕಟ್ಟಿ ಕಳುಹಿಸಬೇಕಾಗುತ್ತದೆ.

ಇದರ ಶಾಸ್ತ್ರೀಯ ತಳಹದಿ ಅಮೆರಿಕದಲ್ಲಿ ಸಿದ್ಧವಾಯಿತು. ಗದ್ದಲವಿರುವ ಮಾರ್ಗದಲ್ಲಿಯೂ ಒಂದು ಮಿತಿಯೊಳಗೆ ಬಹುಮಟ್ಟಿಗೆ ತಪ್ಪಿಲ್ಲದ ಸಂವಹನ ಸಾಧ್ಯವೆಂದು 1948ರಲ್ಲಿ ಕ್ಲಾಡ್ ಶ್ಯಾನನ್ ತೋರಿಸಿಕೊಟ್ಟರು. ನಾಲ್ಕು ಬಿಟ್‌ಗಳ ಮಾಹಿತಿಗೆ ಮೂರು ಬಿಟ್‌ಗಳನ್ನು ಸೇರಿಸಿದರೆ, ಏಳರಲ್ಲಿ ಯಾವುದೇ ಒಂದು ಕೆಟ್ಟರೂ ತಿದ್ದಬಹುದೆಂಬ ವಿಧಾನವನ್ನು 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದರು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಅವರು ನೀಡಿದ ಸಂಕೇತವು ಇನ್ನೂ ಮುಂದೆ ಹೋಯಿತು. ಬಾಹ್ಯಾಕಾಶದಲ್ಲಿ ಬಳಕೆಗೆ ಬಂದ ಅದರ ಪ್ರಸಿದ್ಧ ರೂಪದಲ್ಲಿ 223 ಬೈಟ್ ಮಾಹಿತಿಗೆ 32 ಬೈಟ್ ತಾಳೆಯ ಭಾಗ ಸೇರುತ್ತದೆ. ಒಟ್ಟು 255ರಲ್ಲಿ 16 ಬೈಟ್‌ಗಳವರೆಗೆ ಎಲ್ಲಿ ಕೆಟ್ಟರೂ ಮೂಲವನ್ನು ಪೂರ್ಣವಾಗಿ ಮರಳಿ ಪಡೆಯಬಹುದು. ಮಾಹಿತಿಯ ಮೇಲೆ ಶೇ. 14ರಷ್ಟು ಹೆಚ್ಚುವರಿ ಹೊರೆ ಹೊತ್ತು ಕೊಳ್ಳುವ ವಿಮೆ ಇದು. 1977ರಲ್ಲಿ ಹೊರಟ ವಾಯೇಜರ್-2 ನೌಕೆಯು 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್ ಗ್ರಹಗಳ ಚಿತ್ರಗಳನ್ನು ಕಳುಹಿಸಿದಾಗ ನೆರವಾದದ್ದು ಇದೇ ಸಂಕೇತ.

ಇಷ್ಟು ದೂರದ ವಿಷಯಕ್ಕೂ ಬಳ್ಳಾರಿಯ ವಾಣಿಜ್ಯಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಬಳ್ಳಾರಿಯ ಕಿರಾಣಿ ಅಂಗಡಿಯಲ್ಲಿ, ಸಿರುಗುಪ್ಪದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಕುರುಗೋಡಿನ ತರಕಾರಿ ಗಾಡಿಯ ಮೇಲೆ ಅಂಟಿಸಿರುವ ಹಣ ಪಾವತಿಯ ಕ್ಯೂಆರ್ ಚೀಟಿಯಲ್ಲಿ ಅಡಗಿರುವುದೂ ರೀಡ್-ಸಾಲೊಮನ್ ಸಂಕೇತವೇ. ಎಣ್ಣೆ ತಾಗಿದರೂ, ಮೂಲೆ ಹರಿದರೂ ಆ ಚೀಟಿ ಬಹಳ ಸಲ ಓದಿಸಿಕೊಳ್ಳುವುದು ಇದೇ ಕಾರಣದಿಂದ. ಅದರಲ್ಲಿ ನಾಲ್ಕು ದರ್ಜೆಗಳಿವೆ. ಕಡಿಮೆಯದರಲ್ಲಿ ಸುಮಾರು ಶೇ. 7, ಹೆಚ್ಚಿನದರಲ್ಲಿ ಸುಮಾರು ಶೇ. 30ರಷ್ಟು ಸಂಕೇತಭಾಗ ಹಾಳಾದರೂ ಮೂಲ ದೊರೆಯುತ್ತದೆ. ಜಿಎಸ್‌ಟಿ ನೋಂದಣಿ ಸಂಖ್ಯೆಯ 15ನೆಯ ಅಕ್ಷರ ಹಾಗೂ ಆಧಾರ್ ಸಂಖ್ಯೆಯ 12ನೆಯ ಅಂಕಿ ಕೂಡ ಇದೇ ಕುಲದವು. ಅವು ತಪ್ಪನ್ನು ತಿದ್ದಲಾರವು, ಆದರೆ ಹಿಡಿದುಕೊಡುತ್ತವೆ.

ಪತ್ತೆ ಮತ್ತು ತಿದ್ದುಪಡಿಗಳ ನಡುವಿನ ಈ ಅಂತರವೇ ವ್ಯಾಪಾರಸ್ಥರು ಗಮನಿಸಬೇಕಾದ ಅಂಶ. ಮರಳಿ ಕೇಳುವುದು ಅಗ್ಗವಾಗಿರುವಲ್ಲಿ ತಪ್ಪು ಪತ್ತೆಯಾದರೆ ಸಾಕು. ಒಂದು ದೂರವಾಣಿ ಕರೆ ಅದನ್ನು ಸರಿಪಡಿಸುತ್ತದೆ. ಮರಳಿ ಕೇಳುವುದು ದುಬಾರಿಯಾಗಿರುವಲ್ಲಿ ತಿದ್ದುವ ಸಾಮರ್ಥ್ಯವನ್ನು ಮೊದಲೇ ಕಟ್ಟಿ ಕಳುಹಿಸಬೇಕು. ಎಷ್ಟು ಹೆಚ್ಚುವರಿ ಬರೆಯಬೇಕೆಂಬುದನ್ನು ಮರಳಿ ಕೇಳುವ ವೆಚ್ಚವೇ ನಿರ್ಧರಿಸಬೇಕು.

ಈ ಅಳತೆಗೋಲನ್ನು ಜಿಲ್ಲೆಯ ವಹಿವಾಟಿಗೆ ಹಿಡಿದು ನೋಡಬಹುದು. ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಹೊರಟ ಲಾರಿ ಪರರಾಜ್ಯದ ಗೋದಾಮಿನ ಮುಂದೆ ನಿಂತಾಗ ಲಾಟ್ ಸಂಖ್ಯೆ ತಾಳೆಯಾಗದಿದ್ದರೆ, ನಷ್ಟವಾಗುವುದು ಒಂದು ಅಂಕಿಯಲ್ಲ. ಲಾರಿಯ ದಿನಬಾಡಿಗೆ ಮತ್ತು ಗಿರಾಕಿಯ ವಿಶ್ವಾಸ. ಕುರುಗೋಡು ಸೀಮೆಯ ಮೆಣಸಿನಕಾಯಿ ಚೀಲ ಬ್ಯಾಡಗಿ ಮಾರುಕಟ್ಟೆ ತಲುಪಿದ ಮೇಲೆ ಗುರುತು ಅಳಿಸಿದ್ದರೆ, ಅದು ಯಾವ ರೈತನದೆಂದು ಹುಡುಕುವುದು ಸುಲಭವಲ್ಲ. ಬಳ್ಳಾರಿಯ ಜೀನ್ಸ್ ಉದ್ಯಮದಲ್ಲಿ ಕತ್ತರಿಸಿದ ಬಟ್ಟೆಯ ಕಟ್ಟು ಹೊಲಿಗೆಗೆ, ಅಲ್ಲಿಂದ ವಾಷಿಂಗ್ ಘಟಕಕ್ಕೆ ಹೋಗುತ್ತದೆ. ಕಟ್ಟಿನ ಸಂಖ್ಯೆಯಲ್ಲಿ ಎರಡು ಅಂಕಿಗಳು ಅದಲುಬದಲಾದರೆ ಅಳತೆಗಳು ಬೆರೆತುಹೋಗುತ್ತವೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಲಾಟ್ ಸಂಖ್ಯೆ 4718 ಎಂದಿರಲಿ. ಅಂಕಿಗಳನ್ನು ಕ್ರಮವಾಗಿ 5, 4, 3, 2ರಿಂದ ಗುಣಿಸಿ ಕೂಡಿದರೆ 67 ಆಗುತ್ತದೆ. ಅದನ್ನು 11ರಿಂದ ಭಾಗಿಸಿದರೆ ಉಳಿಯುವ ಶೇಷ 1. ಚೀಲದ ಮೇಲೆ 4718-1 ಎಂದು ಬರೆಯಬೇಕು. ಯಾರಾದರೂ ಕೈತಪ್ಪಿ 4178-1 ಎಂದು ಬರೆದರೆ ಮೊತ್ತ 61 ಆಗಿ ಶೇಷ 6 ಬರುತ್ತದೆ. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಒಂದು ಅಂಕಿಯ ತಪ್ಪಾಗಲಿ, ಪಕ್ಕದ ಎರಡು ಅಂಕಿಗಳ ಅದಲುಬದಲಾಗಲಿ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರವು. ಶೇಷ 10 ಬರುವ ಸಂಖ್ಯೆಗಳನ್ನು ಬಳಸದೆ ಬಿಟ್ಟರಾಯಿತು. ಗಣಕಯಂತ್ರದ ಬಿಲ್ಲಿಂಗ್ ತಂತ್ರಾಂಶದಲ್ಲಿ ಇದನ್ನು ಅಳವಡಿಸುವುದು ಸಣ್ಣ ಕೆಲಸ.

ಗುಮಾಸ್ತರಿಗೂ ಹಮಾಲರಿಗೂ ಇದು ಅನಗತ್ಯ ಹೊರೆ ಎಂಬ ಆಕ್ಷೇಪ ಬರಬಹುದು. ಪ್ರತಿಯೊಬ್ಬರೂ ತಮ್ಮದೇ ಪದ್ಧತಿ ಹೂಡಿದರೆ ಆ ಮಾತು ನಿಜವಾಗುತ್ತದೆ. ಬಾಹ್ಯಾಕಾಶ ಸಂಸ್ಥೆಗಳು ಸಿಸಿಎಸ್‌ಡಿಎಸ್ ಎಂಬ ಅಂತರರಾಷ್ಟ್ರೀಯ ಸಮಿತಿಯ ಮೂಲಕ ಸಮಾನ ಮಾನದಂಡಗಳನ್ನು ಒಪ್ಪಿಕೊಂಡಿರುವುದರಿಂದಲೇ ಒಂದು ದೇಶದ ನೌಕೆಯ ಸಂಕೇತವನ್ನು ಇನ್ನೊಂದು ದೇಶದ ಆಂಟೆನಾ ಓದಬಲ್ಲದು. ಅಂತೆಯೇ ಗಿರಣಿ ಮಾಲೀಕರು, ಅಡತಿದಾರರು, ಜೀನ್ಸ್ ತಯಾರಕರು ಮತ್ತು ಸಾಗಣೆದಾರರು ಒಂದೆಡೆ ಕುಳಿತು ಒಂದೇ ನಿಯಮವನ್ನು ಒಪ್ಪಬೇಕು. ಅಂತಹ ಒಮ್ಮತ ಮೂಡಿಸುವುದು ವಾಣಿಜ್ಯೋದ್ಯಮ ಸಂಸ್ಥೆಗಳಿಗೆ ಸಲ್ಲುವ ಕೆಲಸ. ಧೂಳು, ನೀರು, ತಿಕ್ಕಾಟಗಳಿಗೆ ಸಿಲುಕುವ ಚೀಲ ಮತ್ತು ಬಟ್ಟೆಯ ಚೀಟಿಗಳಿಗೆ ಕ್ಯೂಆರ್‌ನ ಮೇಲ್ದರ್ಜೆಯನ್ನೇ ಮುದ್ರಿಸಬೇಕೆಂಬ ಸೂಚನೆಯನ್ನೂ ಅದಕ್ಕೆ ಸೇರಿಸುವುದು ಯುಕ್ತ.

ಈ ಸಂಕೇತಗಳಿಗೆ ಮಿತಿಯೂ ಇದೆ ಎಂಬುದನ್ನು ಮರೆಯಬಾರದು. ತಕ್ಕಡಿಯಲ್ಲಿಯೇ ತಪ್ಪಾದ ತೂಕವನ್ನು ಸಂಕೇತವು ನಿಷ್ಠೆಯಿಂದ ತಪ್ಪಾಗಿಯೇ ತಲುಪಿಸುತ್ತದೆ. ಅಂಗಡಿಯ ಕ್ಯೂಆರ್ ಮೇಲೆ ವಂಚಕರು ಬೇರೊಂದನ್ನು ಅಂಟಿಸಿದರೆ ಅದನ್ನೂ ಅಷ್ಟೇ ಚೊಕ್ಕವಾಗಿ ಓದಿಸುತ್ತದೆ. ಇಂತಹ ಕಡೆ ಬೇರೆ ಬಗೆಯ ತಾಳೆ ಬೇಕು. ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಹಣ ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದ್ದು ಇದೇ ಉದ್ದೇಶದಿಂದ. ಖಾತೆ ಸಂಖ್ಯೆಯೊಂದನ್ನೇ ನಂಬದೆ ಹೆಸರನ್ನೂ ಓದಿ ನೋಡುವ ಅಭ್ಯಾಸ ಪ್ರತಿ ಪೇಢಿಯಲ್ಲಿಯೂ ಬೆಳೆಯಬೇಕು.

ತಪ್ಪು ಮಾಡದ ಗುಮಾಸ್ತನೂ ಇಲ್ಲ, ಗದ್ದಲವಿಲ್ಲದ ಮಾರ್ಗವೂ ಇಲ್ಲ. ಬಾಹ್ಯಾಕಾಶ ವಿಜ್ಞಾನಿಗಳು ತಪ್ಪೇ ಆಗದಿರಲೆಂದು ಹಾರೈಸಿ ಕೈಕಟ್ಟಿ ಕೂರಲಿಲ್ಲ. ಆಗುವ ತಪ್ಪಿಗೆ ಮೊದಲೇ ಜಾಗ ಬಿಟ್ಟು ಲೆಕ್ಕ ಹಾಕಿದರು. ಮುಂಬರುವ ಸುಗ್ಗಿಯ ಆವಕ ಆರಂಭವಾಗುವ ಮುನ್ನ ಜಿಲ್ಲೆಯ ವರ್ತಕರು ಲಾಟ್ ಸಂಖ್ಯೆಗೆ ಒಂದು ತಾಳೆಯ ಅಂಕಿಯನ್ನು ಸೇರಿಸಿಕೊಂಡರೆ, ಅದೇ ವಿವೇಕವನ್ನು ಇಲ್ಲಿನ ಮಾರುಕಟ್ಟೆಗೂ ತಂದಂತಾಗುತ್ತದೆ.