ಬ್ಯಾಟರಿ ಬದಲಿಸುವ ಹೊತ್ತು

1958ನೆಯ ಇಸವಿಯ ಅಕ್ಟೋಬರ್ 8ರಂದು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ಗೃಹಸ್ಥನ ದೇಹದೊಳಗೆ, ಹೃದಯಕ್ಕೆ ಬಡಿತವನ್ನು ನೆನಪಿಸುವ ಯಂತ್ರವೊಂದನ್ನು ಹುದುಗಿಸಿದರು. ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಬೂಟುಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿಸಿಕೊಂಡು ಅದನ್ನು ಎರಕ ಹೊಯ್ದಿದ್ದ. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅದನ್ನು ಜೋಡಿಸಿದ. ಯಂತ್ರ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಲಾರ್ಸನ್ನನಾದರೋ 2001ರವರೆಗೆ ಬದುಕಿದ. ಅಷ್ಟರಲ್ಲಿ ಅವನ ಮೈಯಲ್ಲಿ 20ಕ್ಕೂ ಹೆಚ್ಚು ಯಂತ್ರಗಳು ಬದಲಾಗಿದ್ದುವು.

ಪೇಸ್‌ಮೇಕರ್ ಇಂದು ಎಷ್ಟೋ ಮನೆಗಳಿಗೆ ಪರಿಚಿತ. ಹೆಗಲ ಕೆಳಗೆ, ಎದೆಯ ಚರ್ಮದಡಿಯ ಪುಟ್ಟ ಚೀಲದಲ್ಲಿ ಅದರ ವಾಸ. ವರ್ಷಗಳು ಕಳೆದು ಬ್ಯಾಟರಿ ಸೊರಗಿದಾಗ ಯಂತ್ರವನ್ನೇ ಬದಲಿಸಬೇಕು. ಗಡಿಯಾರಕ್ಕೆ ಕೀಲಿ ಕೊಟ್ಟಷ್ಟೇ ಸುಲಭವೆಂದು ಮನೆಯವರು ಭಾವಿಸುವುದು ಸಹಜ, ಗಾಯವೂ ಚಿಕ್ಕದೇ. ಆದರೆ ಸೋಂಕಿನ ಭಯ ಮೊದಲ ಸಲಕ್ಕಿಂತ ಈ ಸಲವೇ ಹೆಚ್ಚು.

ಕಾರಣ ದೇಹದ ಸ್ವಭಾವದಲ್ಲಿಯೇ ಇದೆ. ಪರವಸ್ತುವಿನ ಸುತ್ತ ದೇಹ ನಾರಿನ ಗೋಡೆಯೊಂದನ್ನು ಕಟ್ಟುತ್ತದೆ. ಆ ಗೋಡೆಯಲ್ಲಿ ರಕ್ತದ ಹರಿವು ಕಡಿಮೆ. ರಕ್ತ ತಲುಪದಲ್ಲಿ ಔಷಧವೂ ಸರಿಯಾಗಿ ತಲುಪದು. ಚರ್ಮದ ಮೇಲೆ ನಿರುಪದ್ರವಿಗಳಾಗಿದ್ದ ಸ್ಟ್ಯಾಫಿಲೊಕಾಕಸ್ ಜೀವಾಣುಗಳು ಗಾಯದ ಮೂಲಕ ಒಳಸೇರಿ, ಯಂತ್ರಕ್ಕೆ ಅಂಟಿ, ಲೋಳೆಯ ಹೊದಿಕೆಯೊಳಗೆ ಅಡಗಿ ಕುಳಿತರೆ ಔಷಧಗಳು ಸೋಲುತ್ತವೆ. ಆಗ ಯಂತ್ರವನ್ನಷ್ಟೇ ಅಲ್ಲ, ವರ್ಷಗಟ್ಟಲೆ ಹೃದಯಕ್ಕೆ ಬೆಸೆದುಕೊಂಡ ತಂತಿಗಳನ್ನೂ ಕೀಳಬೇಕಾಗುತ್ತದೆ. ನಿಜವಾದ ಗಂಡಾಂತರ ಇದು.

ಆದಕಾರಣ ಜ್ವರವಿದ್ದರೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ. ಕೊಯ್ಯುವ ಮುನ್ನಿನ ಒಂದು ಗಂಟೆಯೊಳಗೆ ಪ್ರತಿಜೀವಕವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಚೀಲದೊಳಗೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಹೆಪ್ಪುಗಟ್ಟಿದ ರಕ್ತ ಜೀವಾಣುಗಳಿಗೆ ಮೃಷ್ಟಾನ್ನ. ವಾರ್ಫರಿನ್ ಸೇವಿಸುವವರಿಗೆ ಅದನ್ನು ನಿಲ್ಲಿಸಿ ಹೆಪಾರಿನ್ ಚುಚ್ಚುವುದು ಹಿಂದಿನ ರೂಢಿಯಾಗಿತ್ತು. ಕೆನಡಾದ ವೈದ್ಯರ ಮುಂದಾಳುತನದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಾಗೆ ಮಾಡಿದವರ ಪೈಕಿ ನೂರಕ್ಕೆ 16 ಮಂದಿಗೆ ರಕ್ತ ತುಂಬಿ ಬಾವು ಬಂದಿತು. ವಾರ್ಫರಿನ್ನನ್ನೇ ಮುಂದುವರಿಸಿದವರಲ್ಲಿ ನೂರಕ್ಕೆ 3.5 ಮಾತ್ರ. ರೂಢಿಯೇ ತಲೆಕೆಳಗಾಯಿತು! ಯಾವ ರೋಗಿಗೆ ಯಾವುದು ಸರಿಯೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮನೆಯಲ್ಲಿ ಕುಳಿತು ಗುಳಿಗೆ ಬಿಡುವುದಾಗಲಿ ಮುಂದುವರಿಸುವುದಾಗಲಿ ಸಲ್ಲದು.

ಯಂತ್ರಕ್ಕೆ ಔಷಧ ಲೇಪಿಸಿದ ಬಲೆಯ ಹೊದಿಕೆ ತೊಡಿಸುವುದು ಇನ್ನೊಂದು ಉಪಾಯ. ಸುಮಾರು 7000 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಂಭೀರ ಸೋಂಕು ಇದರಿಂದ ನೂರಕ್ಕೆ 1.2ರಿಂದ 0.7ಕ್ಕೆ ಇಳಿಯಿತು. ಹೊದಿಕೆ ದುಬಾರಿ; ಅಪಾಯ ಹೆಚ್ಚಿರುವವರಿಗೇ ಇದರ ಪ್ರಯೋಜನ ಹೆಚ್ಚು.

ಮನೆಗೆ ಬಂದ ಮೇಲೆ ಗಾಯದ ಜಾಗ ಉಬ್ಬಿದರೆ ಅದನ್ನು ಹಿಸುಕಬಾರದು. ಸೂಜಿ ಚುಚ್ಚಿ ರಕ್ತ ಹೊರತೆಗೆಯಲು ಯಾರಾದರೂ ಮುಂದಾದರೆ ಒಪ್ಪಲೂಬಾರದು. ಆ ಸೂಜಿಯೇ ಜೀವಾಣುಗಳಿಗೆ ಬಾಗಿಲಾದೀತು. ಕೆಂಪೇರಿದರೆ, ಕೀವು ಒಸರಿದರೆ, ಜ್ವರ ಬಂದರೆ, ತಿಂಗಳುಗಳು ಕಳೆದಿದ್ದರೂ ಸರಿಯೆ, ಯಂತ್ರ ಜೋಡಿಸಿದ ವೈದ್ಯರಿಗೇ ಒಮ್ಮೆ ತೋರಿಸತಕ್ಕದ್ದು.