ಹಾಡು ಮುಗಿದ ಮೇಲಿನ ಫಾರಿನ್

ಫಾರಿನ್ ಅಂದ್ರೆ ನನಗೆ ಗೊತ್ತಿದ್ದದ್ದು ಸಿನಿಮಾದ ಫಾರಿನ್! ಕನ್ನಡ ಚಿತ್ರವೊಂದು ಮೊದಲ ಸಲ ಹೊರದೇಶದಲ್ಲಿ ಚಿತ್ರೀಕರಣವಾದದ್ದು 1978ರ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’. ವಿಷ್ಣು-ದ್ವಾರಕೀಶ್ ಜೋಡಿಯ ಆ ಚಿತ್ರವನ್ನು ಟಿ.ವಿ.ಯಲ್ಲಿ ಎಷ್ಟು ಸಲ ನೋಡಿದ್ದೆನೋ!

ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ದುಬೈಗೆ ಬಂದು ಈ ತಿಂಗಳಿಗೆ ಒಂದು ವರ್ಷ. ಹಗಲು ಗೋಡೌನಿನಲ್ಲಿ ಪೆಟ್ಟಿಗೆ ಎಣಿಸೋದು, ರಾತ್ರಿ ಈ ಅಂಕಣ ಗೀಚೋದು. ಒಂದು ರೂಮಿಗೆ ಆರು ಜನ, ಒಂದರ ಮೇಲೊಂದು ಮಂಚ, ನನ್ನದು ಮೇಲಿನದು. ಮೊದಲ ತಿಂಗಳು ಕದ್ದು ಅತ್ತೆ. ಆಮೇಲೆ ಮೆಟ್ರೋ ದಾರಿ ತಿಳೀತು, ಮಜ್ಜಿಗೆ ಬೇಕಾದ್ರೆ ‘ಲಬನ್’ ಅಂತ ಕೇಳಬೇಕು ಅನ್ನೋದು ತಿಳೀತು. ಬರೋಕೆ ಮಾಡಿದ ಸಾಲವೂ ತೀರಿತು. ನೆಲೆ ನಿಲ್ಲೋದು ಅಂದ್ರೆ ಇಷ್ಟೇ ಕಣ್ರೀ! ಐದು ನಿಮಿಷದ ಹಾಡಿನಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ?

ಆದ್ರೆ ನಾನೂ ಅವ್ವನಿಗೆ ಹಾಡನ್ನೇ ತೋರಿಸ್ತಿದ್ದೆ! 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಬೆನ್ನಿಗೆ ಕಾಣುವ ಹಾಗೆ ನಿಂತು ವಿಡಿಯೋ ಕಾಲ್. ಮಂಚ ಮಾತ್ರ ಒಂದು ದಿನವೂ ತೋರಿಸಲಿಲ್ಲ.

ಹೋದ ಭಾನುವಾರ ಮಂಡ್ಯದಿಂದ ಅವ್ವ ಅಂದಳು: “ಗೋಪುರ ನೋಡಿದ್ದಾಯ್ತು ಕಣ್ಲಾ. ನೀನು ಮಲಗೋ ಜಾಗ ಎಲ್ಲೈತೆ? ತೋರ್ಸು.”

ನನಗೆ ಡೈಲಾಗೇ ಬರಲಿಲ್ಲ. ರೂಮಿಗೆ ಬಂದು ಮತ್ತೆ ಫೋನ್ ಹಚ್ಚಿ, ಮಂಚ ತೋರಿಸಿದೆ. ಅವ್ವ ತುಂಬ ಹೊತ್ತು ಸುಮ್ಮನೆ ನೋಡಿದಳು. ಕೊನೆಗೆ, “ದಿಂಬು ಚೆನ್ನಾಗೈತೆ” ಅಂದಳು.

ಆ ರಾತ್ರಿ ಬಂದಂಥ ನಿದ್ದೆ ವರ್ಷದಲ್ಲಿ ಬಂದಿರಲಿಲ್ಲ!

ಫಾರಿನ್‌ಗೆ ಹೊರಟು ನಿಂತ ಗೆಳೆಯರೇ, ಗೋಪುರ ಆಮೇಲೆ ತೋರಿಸಿ. ಮೊದಲು ಮಂಚ ತೋರಿಸಿ!